ಉಪಾಧ್ಯಾಯರಾಗಿದ್ದ ಗ್ರಂಥಪಾಲರು: ಡಾ. ಎಸ್. ಆರ್. ರಂಗನಾಥನ್

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಗೌರವಿಸಲ್ಪಡುವ ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರು ನಮ್ಮ ಕೊಯಮತ್ತೂರಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರೆಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. 1920ರಲ್ಲಿ ಅವರು ಇಲ್ಲಿನ ಸರಕಾರಿ ಕಾಲೇಜಿಗೆ ಬಂದದ್ದು ಮಂಗಳೂರಿನಿಂದ. ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಹುಟ್ಟಿನಿಂದ ತಮಿಳರಾದರೂ ವೃತ್ತಿಜೀವನದ ಆರಂಭವನ್ನೂ ಅಂತ್ಯವನ್ನೂ ಕನ್ನಡ ನೆಲದಲ್ಲಿ ಕಂಡ ಈ ಮಹನೀಯರು ತಮಿಳುನಾಡಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಎರಡು ಬಗೆಯಲ್ಲಿ ಆತ್ಮೀಯರು.

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಶಿಕ್ಷಣ ಕ್ಷೇತ್ರದ ಹಿರಿಯರೊಬ್ಬರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ರಂಗನಾಥನ್ ಅವರನ್ನು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಪುಸ್ತಕಗಳ ವರ್ಗೀಕರಣ ಪದ್ಧತಿಯನ್ನು ಕಂಡುಹಿಡಿದವರೆಂದು ಅವರನ್ನು ಎಲ್ಲರೂ ಹೊಗಳುತ್ತಾರೆ. ಆದರೆ ತರಗತಿಯ ಉಪಾಧ್ಯಾಯರೂ ಪುಸ್ತಕದ ಕೋಣೆಯ ಗ್ರಂಥಪಾಲರೂ ಒಂದೇ ಕಾರ್ಯದ ಇಬ್ಬರು ಪಾಲುದಾರರು, ಆದ್ದರಿಂದ ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿತಿರಬೇಕು ಎಂಬ ಅವರ ನಿಲುವನ್ನು ನೆನೆಯುವವರು ವಿರಳ. ಈ ಶಾಲೆಯಲ್ಲಿಯೇ ಓದಿ, ಮುಂದೆ ಉಪಾಧ್ಯಾಯ ವೃತ್ತಿಯನ್ನು ಕೈಗೊಂಡ ನನಗೆ ಅವರ ಜೀವನದ ಈ ಮುಖವೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಿನಲ್ಲಿ ಅಂದಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಇಂದು ಸೀರ್ಕಾಳಿ ಎಂದು ಕರೆಯುವ ಈ ಊರು ಕಾವೇರಿಯು ಸಮುದ್ರವನ್ನು ಸೇರುವ ಪ್ರದೇಶದಲ್ಲಿದೆ. ತಂದೆ ರಾಮಾಮೃತ ಅಯ್ಯರ್ ಅವರು ಮಗನ ಆರನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ತಾಯಿ ಸೀತಾಲಕ್ಷ್ಮಿಯವರ ಆಶ್ರಯದಲ್ಲಿ ಬೆಳೆದ ಬಾಲಕನಿಗೆ ಮಾತು ತೊದಲುತ್ತಿತ್ತು. ಮುಂದೆ ಸಾವಿರಾರು ಜನರೆದುರು ನಿಂತು ಉಪನ್ಯಾಸ ಮಾಡಿದ ವ್ಯಕ್ತಿಗೆ ಎಳವೆಯಲ್ಲಿ ಈ ತೊಡಕು ಇತ್ತೆಂಬುದನ್ನು ನಮ್ಮ ಮಕ್ಕಳು ಅರಿಯಬೇಕು.

ಊರಿನ ಹಿಂದೂ ಪ್ರೌಢಶಾಲೆಯ ವಿದ್ಯಾಭ್ಯಾಸ ಮುಗಿಸಿ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. 1913ರಲ್ಲಿ ಬಿ.ಎ. ಪದವಿಯನ್ನೂ 1916ರಲ್ಲಿ ಗಣಿತದಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಅಲ್ಲಿ ಅವರಿಗೆ ದೊರೆತ ಗುರುಗಳು ಪ್ರೊ. ಎಡ್ವರ್ಡ್ ರಾಸ್. ಈ ಗುರುಶಿಷ್ಯರ ಸಂಬಂಧ ಕಾಲೇಜಿನೊಂದಿಗೆ ಮುಗಿಯದೆ ಜೀವನದುದ್ದಕ್ಕೂ ಉಳಿಯಿತು. ಅನಂತರ ಸೈದಾಪೇಟೆಯ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿ ಎಲ್.ಟಿ. ಪದವಿಯನ್ನು ಸಂಪಾದಿಸಿದರು. ಅಂದರೆ ಗ್ರಂಥಪಾಲರಾಗುವ ಎಷ್ಟೋ ಮೊದಲೇ ಅವರು ಬೋಧನಾಶಾಸ್ತ್ರವನ್ನು ಕ್ರಮವಾಗಿ ಕಲಿತ ಉಪಾಧ್ಯಾಯರಾಗಿದ್ದರು.

ಮಂಗಳೂರಿನಿಂದ ಕೊಯಮತ್ತೂರಿಗೆ

1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅವರಿಗೆ ಗಣಿತ ಬೋಧಿಸುವ ಕೆಲಸ ದೊರೆಯಿತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸರಕಾರಿ ನೌಕರರ ವರ್ಗಾವಣೆ ಸಹಜವಾಗಿತ್ತು. ಮೂರು ವರ್ಷಗಳ ನಂತರ, 1920ರಲ್ಲಿ, ಅವರು ಕೊಯಮತ್ತೂರಿಗೆ ಬಂದರು. ಆ ಕಾಲದ ಕೊಯಮತ್ತೂರು ಜಿಲ್ಲೆ ಬಹು ವಿಶಾಲವಾದದ್ದು. ಕನ್ನಡವೇ ಮನೆಮಾತಾಗಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಜಿಲ್ಲೆಯ ಒಂದು ಭಾಗವಾಗಿತ್ತು. ತಿರುಪ್ಪೂರು ಕೂಡ 2009ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಕೊಯಮತ್ತೂರು ಜಿಲ್ಲೆಯ ಊರೇ. ನೇಕಾರಿಕೆಯನ್ನು ನಂಬಿದ ನಮ್ಮ ದೇವಾಂಗ ಕುಟುಂಬಗಳು ಈ ಸೀಮೆಯ ಅನೇಕ ಊರುಗಳಲ್ಲಿ ತಲೆಮಾರುಗಳಿಂದ ಕನ್ನಡವನ್ನಾಡುತ್ತ ಬಂದಿವೆ.

ಕೊಯಮತ್ತೂರಿನಲ್ಲಿ ರಂಗನಾಥನ್ ಅವರು ಹೆಚ್ಚು ಕಾಲ ಇರಲಿಲ್ಲ. 1921ರಲ್ಲಿಯೇ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ತೆರಳಿದರು. ಆದರೆ ಮಂಗಳೂರು, ಕೊಯಮತ್ತೂರು, ಮದರಾಸು ಈ ಮೂರು ಊರುಗಳಲ್ಲಿ ಕಳೆದ ಅಧ್ಯಾಪನದ ವರ್ಷಗಳು ಅವರ ಮನೋಧರ್ಮವನ್ನು ರೂಪಿಸಿದವು. ಗುರುವು ಹೇಳಿದ್ದನ್ನು ಬರೆದುಕೊಂಡು ಪರೀಕ್ಷೆಯಲ್ಲಿ ಒಪ್ಪಿಸುವುದು ವಿದ್ಯೆಯಲ್ಲ, ವಿದ್ಯಾರ್ಥಿಯು ತಾನಾಗಿ ಹುಡುಕಿ ತಿಳಿಯುವುದೇ ವಿದ್ಯೆ ಎಂಬ ನಂಬಿಕೆ ಅವರಲ್ಲಿ ಬಲಿಯಿತು. ಅಧ್ಯಾಪಕರ ವೇತನ ಹಾಗೂ ಸ್ಥಾನಮಾನಗಳ ವಿಷಯದಲ್ಲಿಯೂ ಅವರು ಆಸಕ್ತಿ ವಹಿಸಿ ದುಡಿದರು.

ಒಲ್ಲದ ಮನಸ್ಸಿನ ಗ್ರಂಥಪಾಲರು

1923ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ತನ್ನ ಮೊದಲ ಗ್ರಂಥಪಾಲರ ಹುದ್ದೆಗೆ ಅರ್ಜಿಗಳನ್ನು ಆಹ್ವಾನಿಸಿತು. ಸುಮಾರು 900 ಜನ ಅರ್ಜಿ ಹಾಕಿದ್ದರೆಂದು ಹೇಳಲಾಗುತ್ತದೆ. ಅವರಲ್ಲಿ ಗ್ರಂಥಾಲಯ ಶಾಸ್ತ್ರವನ್ನು ಕಲಿತವರು ಒಬ್ಬರೂ ಇರಲಿಲ್ಲ. ಸಂಬಳ ಉತ್ತಮವಾಗಿತ್ತೆಂಬ ಕಾರಣದಿಂದ, ಸಹೋದ್ಯೋಗಿಗಳ ಒತ್ತಾಯಕ್ಕೆ ಮಣಿದು ಅರ್ಜಿ ಸಲ್ಲಿಸಿದ ರಂಗನಾಥನ್ ಅವರೇ ಆಯ್ಕೆಯಾದರು. 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಅವರಿಗೆ ಬೇಸರ ಹಿಡಿಯಿತು. ವಿದ್ಯಾರ್ಥಿಗಳ ಗಲಗಲವಿಲ್ಲದ ಆ ಮೌನ ಅವರಿಗೆ ಸಹಿಸದಾಯಿತು. ಮತ್ತೆ ತರಗತಿಗೆ ಕಳುಹಿಸಬೇಕೆಂದು ಅವರು ಕೇಳಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬರಲಿ, ಆಮೇಲೂ ಮನಸ್ಸು ನಿಲ್ಲದಿದ್ದರೆ ಅಧ್ಯಾಪನಕ್ಕೆ ಮರಳಬಹುದೆಂಬ ಒಪ್ಪಂದವಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಾಲಯ ಶಾಲೆಯಲ್ಲಿ ಅವರು ಅಭ್ಯಾಸ ಮಾಡಿದರು. ಕ್ರಾಯ್ಡನ್ ನಗರದ ಮುಖ್ಯ ಗ್ರಂಥಪಾಲರಾಗಿದ್ದ ಬರ್ವಿಕ್ ಸೇಯರ್ಸ್ ಅವರು ಅಲ್ಲಿ ವರ್ಗೀಕರಣವನ್ನು ಬೋಧಿಸುತ್ತಿದ್ದರು. ರಂಗನಾಥನ್ ಅವರು ಆ ದೇಶದ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸಂದರ್ಶಿಸಿದರು. ಮಕ್ಕಳು ಪುಸ್ತಕದ ಕಪಾಟುಗಳ ನಡುವೆ ಸ್ವತಂತ್ರವಾಗಿ ಓಡಾಡುವುದನ್ನೂ, ದುಡಿಯುವ ಜನ ಸಂಜೆಯ ಹೊತ್ತು ಬಂದು ಓದುವುದನ್ನೂ ಕಂಡಾಗ ಅವರ ದೃಷ್ಟಿಯೇ ಬದಲಾಯಿತು. ಗ್ರಂಥಾಲಯವೂ ಒಂದು ತರಗತಿಯೇ, ಇಲ್ಲಿ ಇಡೀ ಸಮಾಜವೇ ವಿದ್ಯಾರ್ಥಿ ಎಂಬ ಅರಿವು ಅವರಿಗೆ ಮೂಡಿತು. ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಆಟಿಕೆಯೊಂದು ಅವರ ವರ್ಗೀಕರಣ ಪದ್ಧತಿಗೆ ಬೀಜವಾಯಿತು. ಮೆಕ್ಯಾನೋ ಎಂಬ ಆ ಆಟಿಕೆಯ ಕೆಲವೇ ಪಟ್ಟಿಗಳನ್ನೂ ತಿರುಪುಗಳನ್ನೂ ಬೇರೆ ಬೇರೆಯಾಗಿ ಜೋಡಿಸಿ ಹತ್ತಾರು ವಸ್ತುಗಳನ್ನು ಮಾಡಬಹುದಾದಂತೆ, ವಿಷಯದ ಅಂಶಗಳನ್ನು ಜೋಡಿಸಿ ಯಾವ ಪುಸ್ತಕಕ್ಕಾದರೂ ಸರಿಯಾದ ಸ್ಥಾನವನ್ನು ಗೊತ್ತುಪಡಿಸಬಹುದೆಂದು ಅವರಿಗೆ ಹೊಳೆಯಿತು. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ ಇದರ ಫಲ.

1925ರ ಜುಲೈ ತಿಂಗಳಿನಲ್ಲಿ ಹಿಂದಿರುಗಿದ ಮೇಲೆ ಅವರು ಅಧ್ಯಾಪನಕ್ಕೆ ಮರಳುವ ಮಾತೆತ್ತಲಿಲ್ಲ. ಬದಲಾಗಿ ಅಧ್ಯಾಪಕನ ಮನಸ್ಸನ್ನೇ ಗ್ರಂಥಾಲಯದೊಳಕ್ಕೆ ತಂದರು. ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು. ಗ್ರಂಥಾಲಯ ತೆರೆದಿರುವ ಸಮಯವನ್ನು ಹೆಚ್ಚಿಸಿದರು. ಓದುಗನು ಏನನ್ನು ಹುಡುಕುತ್ತಿದ್ದಾನೆಂದು ಕೇಳಿ ತಿಳಿದು ನೆರವಾಗುವ ಪದ್ಧತಿಯನ್ನು ಬೆಳೆಸಿದರು.

ಐದು ಸೂತ್ರಗಳು ಮತ್ತು ಉಪಾಧ್ಯಾಯರು

ಅವರ ಪ್ರಸಿದ್ಧವಾದ ಐದು ಸೂತ್ರಗಳು ರೂಪುಗೊಂಡದ್ದು 1928ರಲ್ಲಿ. ತಮ್ಮ ಅನುಭವಗಳೆಲ್ಲವನ್ನೂ ಕೆಲವೇ ಮೂಲತತ್ತ್ವಗಳಿಗೆ ಇಳಿಸಲು ಅವರು ಬಹಳ ದಿನ ಯೋಚಿಸುತ್ತಿದ್ದರು. ಒಂದು ಸಂಜೆ ತಮ್ಮನ್ನು ನೋಡಲು ಬಂದ ಗುರು ರಾಸ್ ಅವರೊಡನೆ ಈ ತೊಡಕನ್ನು ಹೇಳಿಕೊಂಡಾಗ, ಪುಸ್ತಕವಿರುವುದು ಉಪಯೋಗಕ್ಕಾಗಿ ಎಂಬ ಅರ್ಥದ ಮೊದಲ ಸೂತ್ರವನ್ನು ರಾಸ್ ಅವರೇ ಸೂಚಿಸಿದರು. ಉಳಿದ ನಾಲ್ಕೂ ಅದರ ಬೆನ್ನಿಗೆ ಬಂದವು. ಓದುಗನಾದ ಪ್ರತಿಯೊಬ್ಬನಿಗೂ ತಕ್ಕ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯವು ಜೀವಿಯಂತೆ ಬೆಳೆಯುತ್ತಿರಬೇಕು ಎಂಬುದು ಅವುಗಳ ತಾತ್ಪರ್ಯ. ಗ್ರಂಥಾಲಯ ವಿಜ್ಞಾನದ ಮೊದಲ ಸೂತ್ರವನ್ನು ಹೀಗೆ ಒಬ್ಬ ಉಪಾಧ್ಯಾಯರು ನುಡಿದರು, ಗ್ರಂಥಪಾಲರು ಬೆಳೆಸಿದರು. ಇಬ್ಬರೂ ಕೂಡಿ ದುಡಿದರೆ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಸೂತ್ರಗಳನ್ನು ಅವರು ಮೊದಲ ಬಾರಿಗೆ ಬಹಿರಂಗವಾಗಿ ವಿವರಿಸಿದ್ದು 1928ರ ಡಿಸೆಂಬರಿನಲ್ಲಿ ಚಿದಂಬರದಲ್ಲಿ ನಡೆದ ಪ್ರಾಂತೀಯ ಶಿಕ್ಷಣ ಸಮ್ಮೇಳನದಲ್ಲಿ. ಅಂದರೆ ಆ ಮಾತುಗಳನ್ನು ಮೊದಲು ಆಲಿಸಿದ್ದು ಶಿಕ್ಷಣ ಕ್ಷೇತ್ರದ ಜನ. ಅದೇ ವರ್ಷದ ಜನವರಿಯಲ್ಲಿ ಹುಟ್ಟಿದ್ದ ಮದರಾಸು ಗ್ರಂಥಾಲಯ ಸಂಘದ ಆಶ್ರಯದಲ್ಲಿ 1929ರಲ್ಲಿ ಬೇಸಿಗೆಯ ತರಬೇತಿ ಶಾಲೆ ಆರಂಭವಾಯಿತು. 1931ರಲ್ಲಿ ವಿಶ್ವವಿದ್ಯಾನಿಲಯವು ಅದನ್ನು ವಹಿಸಿಕೊಂಡಿತು. ಐದು ಸೂತ್ರಗಳ ಗ್ರಂಥ ಪ್ರಕಟವಾದದ್ದೂ ಅದೇ ವರ್ಷ. 1942ರಲ್ಲಿ ಶಾಲಾ ಕಾಲೇಜುಗಳ ಗ್ರಂಥಾಲಯಗಳನ್ನು ಕುರಿತೇ ಅವರು ಪ್ರತ್ಯೇಕ ಪುಸ್ತಕವೊಂದನ್ನು ಬರೆದರು. ಹೊಸ ಶಿಕ್ಷಣ ಮತ್ತು ಶಾಲಾ ಗ್ರಂಥಾಲಯವನ್ನು ಕುರಿತ, ಅರ್ಧ ಶತಮಾನದ ಅನುಭವದ ಅವರ ಗ್ರಂಥ 1973ರಲ್ಲಿ, ಅವರ ನಿಧನಾನಂತರ, ಬೆಳಕು ಕಂಡಿತು. ಶಾಲೆಯ ಚಿಂತೆ ಅವರನ್ನು ಕೊನೆಯವರೆಗೂ ಬಿಡಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ತಿರುಪ್ಪೂರಿನ ಮಗ ತಂದ ಶಾಸನ

ರಂಗನಾಥನ್ ಅವರು 1930ರಲ್ಲಿ ಕಾಶಿಯಲ್ಲಿ ಸೇರಿದ್ದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಮಾದರಿ ಗ್ರಂಥಾಲಯ ಮಸೂದೆಯೊಂದನ್ನು ಮಂಡಿಸಿದ್ದರು. ಅದು ಶಾಸನವಾಗಲು ಹದಿನೆಂಟು ವರ್ಷ ಕಾಯಬೇಕಾಯಿತು. ಆ ಕಾರ್ಯವನ್ನು ನೆರವೇರಿಸಿದವರು ನಮ್ಮ ಸೀಮೆಯವರೇ ಆದ ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್ ಅವರು. 1903ರಲ್ಲಿ ತಿರುಪ್ಪೂರಿನಲ್ಲಿ ಜನಿಸಿದ ಅವರು 1930ರಲ್ಲಿ ಕೊಯಮತ್ತೂರಿನಲ್ಲಿ ಶ್ರೀ ರಾಮಕೃಷ್ಣ ವಿದ್ಯಾಲಯವನ್ನು ಸ್ಥಾಪಿಸಿದರು. ಪೆರಿಯನಾಯಕನ್‌ಪಾಳ್ಯದಲ್ಲಿ ಬೆಳೆದ ಆ ವಿದ್ಯಾಲಯದ ಆವರಣದಲ್ಲಿ ಮುಂದೆ ಉಪಾಧ್ಯಾಯರ ತರಬೇತಿಯ ಸಂಸ್ಥೆಯೂ ತಲೆಯೆತ್ತಿತು. 1946ರಿಂದ 1949ರವರೆಗೆ ಮದರಾಸು ಪ್ರಾಂತದ ವಿದ್ಯಾಮಂತ್ರಿಗಳಾಗಿದ್ದಾಗ ಅವಿನಾಶಿಲಿಂಗಂ ಅವರು 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ಜಾರಿಗೆ ತರಲು ಶ್ರಮಿಸಿದರು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಶಾಸನ ಇದು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ಸಂಗ್ರಹಿಸಿ, ಜಿಲ್ಲೆಗೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರವನ್ನು ರಚಿಸುವುದು ಅದರ ವ್ಯವಸ್ಥೆ.

ಆಗ ಮಂಗಳೂರೂ ಕೊಳ್ಳೇಗಾಲವೂ ಮದರಾಸಿಗೆ ಸೇರಿದ್ದರಿಂದ ಈ ಶಾಸನದ ನೆರಳು ಕನ್ನಡಿಗರ ಮೇಲೂ ಬಿದ್ದಿತು. ಇಡೀ ಕನ್ನಡ ನಾಡಿಗೆ ಅನ್ವಯಿಸುವ ಗ್ರಂಥಾಲಯ ಕಾಯ್ದೆ 1965ರಲ್ಲಿ ಬಂದಾಗ ಅದರ ಹಿಂದೆಯೂ ಬೆಂಗಳೂರಿನಲ್ಲಿ ನೆಲೆಸಿದ್ದ ರಂಗನಾಥನ್ ಅವರ ಚಿಂತನೆಯ ಬೆಂಬಲವಿತ್ತು.

ಉತ್ತರ ಜೀವನ

1945ರಲ್ಲಿ ಮದರಾಸಿನ ಹುದ್ದೆಯಿಂದ ನಿವೃತ್ತರಾದ ಅವರು ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ಅನಂತರ ದೆಹಲಿಯಲ್ಲಿಯೂ ಸೇವೆ ಸಲ್ಲಿಸಿದರು. ಕೆಲವು ಕಾಲ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿದ್ದು ಗ್ರಂಥರಚನೆಯಲ್ಲಿ ತೊಡಗಿದರು. 1956ರಲ್ಲಿ ತಮ್ಮ ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಗಳನ್ನು, ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಲು, ಪತ್ನಿ ಶಾರದಾ ಅವರ ಹೆಸರೂ ಸೇರಿದಂತೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನವಿತ್ತರು. 1957ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1965ರಲ್ಲಿ ಭಾರತ ಸರಕಾರವು ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ಅವರು ಕೊನೆಯುಸಿರೆಳೆದರು. ಜನ್ಮ ಶತಾಬ್ದಿಯ ವರ್ಷವಾದ 1992ರಲ್ಲಿ ಅಂಚೆ ಇಲಾಖೆ ಅವರ ಸ್ಮರಣೆಯ ಅಂಚೆಚೀಟಿಯನ್ನು ಹೊರತಂದಿತು. ಆಗಸ್ಟ್ 12ನ್ನು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವೆಂದು ಆಚರಿಸಲಾಗುತ್ತಿದೆ.

ಎರಡು ದಾರಿಯಾದ ತರಬೇತಿ

ಇಂತಹ ಹಿರಿಯರು ತೋರಿದ ದಾರಿಯಲ್ಲಿ ನಮ್ಮ ಶಿಕ್ಷಣ ನಡೆದಿದೆಯೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮದರಾಸು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು 1953ರಲ್ಲಿ ಸಲ್ಲಿಸಿದ ವರದಿಯಲ್ಲಿ ಈ ವಿಷಯವನ್ನು ಸ್ಪಷ್ಟವಾಗಿ ಹೇಳಿತ್ತು. ಎಲ್ಲ ಮಾಧ್ಯಮಿಕ ಶಾಲೆಗಳಲ್ಲಿಯೂ ತರಬೇತಿ ಪಡೆದ ಗ್ರಂಥಪಾಲರಿರಬೇಕು. ಉಪಾಧ್ಯಾಯರೆಲ್ಲರಿಗೂ ತರಬೇತಿ ಕಾಲೇಜಿನಲ್ಲಿಯೇ ಗ್ರಂಥಾಲಯ ಕಾರ್ಯದ ಮೂಲತತ್ತ್ವಗಳನ್ನು ಕಲಿಸಬೇಕು ಎಂಬುದು ಅದರ ಶಿಫಾರಸು. ಅನಂತರ 2009ರ ಶಿಕ್ಷಣ ಹಕ್ಕು ಕಾಯ್ದೆಯು ಪ್ರತಿಯೊಂದು ಶಾಲೆಗೂ ಗ್ರಂಥಾಲಯ ಇರಬೇಕೆಂದು ವಿಧಿಸಿತು. ಆದರೆ ಅದರ ಅನುಸೂಚಿಯಲ್ಲಿ ಪುಸ್ತಕ, ಪತ್ರಿಕೆಗಳ ಮಾತಿದೆಯೇ ಹೊರತು ಗ್ರಂಥಪಾಲರ ಮಾತಿಲ್ಲ.

ಹೀಗಾಗಿ ಉಪಾಧ್ಯಾಯರಾಗುವವರು ಬಿ.ಎಡ್. ಕಾಲೇಜಿಗೆ ಹೋಗುತ್ತಾರೆ, ಗ್ರಂಥಪಾಲರಾಗುವವರು ಗ್ರಂಥಾಲಯ ವಿಜ್ಞಾನದ ವಿಭಾಗಕ್ಕೆ ಹೋಗುತ್ತಾರೆ. ಇಬ್ಬರೂ ಮೊದಲ ಬಾರಿ ಭೇಟಿಯಾಗುವುದು ಕೆಲಸಕ್ಕೆ ಸೇರಿದ ಮೇಲೆ. ಪಾಠದ ಟಿಪ್ಪಣಿಯನ್ನು ಹೇಗೆ ಬರೆಯಬೇಕೆಂದು ನನಗೆ ತರಬೇತಿಯಲ್ಲಿ ಚೆನ್ನಾಗಿ ಕಲಿಸಿದರು. ಆ ಪಾಠಕ್ಕೆ ಬೇಕಾದ ಪುಸ್ತಕಗಳನ್ನು ಗ್ರಂಥಪಾಲರೊಡನೆ ಕುಳಿತು ಹೇಗೆ ಆರಿಸಬೇಕೆಂದು ಯಾರೂ ಹೇಳಲಿಲ್ಲ. ಇನ್ನು ಅನೇಕ ಶಾಲೆಗಳಲ್ಲಿ ಗ್ರಂಥಪಾಲರೇ ಇರುವುದಿಲ್ಲ. ಯಾರಾದರೊಬ್ಬ ಉಪಾಧ್ಯಾಯರಿಗೆ ಬೀರುವಿನ ಬೀಗದ ಕೈ ವಹಿಸಿರುತ್ತಾರೆ. ಪುಸ್ತಕ ಕಳೆದರೆ ತಾವೇ ಉತ್ತರ ಹೇಳಬೇಕೆಂಬ ಭಯದಿಂದ ಅವರು ಬೀಗ ತೆರೆಯಲು ಹಿಂಜರಿಯುತ್ತಾರೆ. ಸ್ಟಾಕ್ ರಿಜಿಸ್ಟರ್ ಸರಿಯಾಗಿರುತ್ತದೆ. ರಂಗನಾಥನ್ ಅವರ ಮೊದಲನೆಯ ಸೂತ್ರ ಮಾತ್ರ ಬೀರುವಿನೊಳಗೇ ಉಳಿಯುತ್ತದೆ.

ಕೂಡಿ ದುಡಿಯುವುದೆಂದರೆ ಏನೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಐದನೆಯ ತರಗತಿಯಲ್ಲಿ ಕಾವೇರಿ ನದಿಯ ಪಾಠವಿದೆಯೆಂದು ಇಟ್ಟುಕೊಳ್ಳೋಣ. ಉಪಾಧ್ಯಾಯರು ಎರಡು ವಾರ ಮೊದಲೇ ಗ್ರಂಥಪಾಲರಿಗೆ ತಿಳಿಸುತ್ತಾರೆ. ಗ್ರಂಥಪಾಲರು ಕೊಡಗನ್ನು ಕುರಿತ ಕನ್ನಡ ಪುಸ್ತಕ, ತಂಜಾವೂರನ್ನು ಕುರಿತ ತಮಿಳು ಪುಸ್ತಕ, ಒಂದು ಭೂಪಟ, ಒಂದು ಕಥೆಯ ಪುಸ್ತಕ ಇವನ್ನು ಒಂದೆಡೆ ತೆಗೆದಿಡುತ್ತಾರೆ. ನಮ್ಮ ಊರಿನ ನೊಯ್ಯಲ್ ಹೊಳೆಯೂ ಹರಿದು ಕಾವೇರಿಯನ್ನೇ ಸೇರುತ್ತದೆಂಬುದನ್ನು ಮಗುವು ಭೂಪಟದ ಮೇಲೆ ಬೆರಳಿಟ್ಟು ತಾನೇ ಕಂಡುಕೊಳ್ಳುತ್ತದೆ. ಯಾವ ಮಗು ಯಾವ ಪುಸ್ತಕವನ್ನು ಕೈಗೆತ್ತಿಕೊಂಡಿತು, ಯಾವುದನ್ನು ಅರ್ಧಕ್ಕೇ ಬಿಟ್ಟಿತು ಎಂಬುದನ್ನು ಗ್ರಂಥಪಾಲರು ಉಪಾಧ್ಯಾಯರಿಗೆ ಹೇಳುತ್ತಾರೆ. ತರಗತಿಯಲ್ಲಿ ಸುಮ್ಮನೆ ಕುಳಿತಿರುವ ಮಗುವಿನ ಆಸಕ್ತಿ ಹೀಗೆ ಬೆಳಕಿಗೆ ಬರುತ್ತದೆ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಇಬ್ಬರ ನಡುವಿನ ಮಾತುಕತೆ.

ನಮ್ಮ ಶಾಲೆಗೆ ಇದರ ಅಗತ್ಯ

ಕನ್ನಡ ನಾಡಿನ ಮಗುವಿಗೆ ಅಂಗಡಿಯ ಫಲಕ, ಬಸ್ಸಿನ ಹೆಸರು, ದಿನಪತ್ರಿಕೆ ಎಲ್ಲವೂ ಕನ್ನಡದ ಅಕ್ಷರಗಳನ್ನು ಕಲಿಸುತ್ತವೆ. ಇಲ್ಲಿನ ಮಗುವಿಗೆ ಆ ಸೌಕರ್ಯವಿಲ್ಲ. ನೆರೆಹೊರೆಯ ತಮಿಳು ನಮಗೆ ಅನ್ನ ಕೊಟ್ಟ ಭಾಷೆ, ಅದನ್ನು ಪ್ರೀತಿಯಿಂದ ಕಲಿಯುತ್ತೇವೆ. ಆದರೆ ಮನೆಯಲ್ಲಿ ಕನ್ನಡವನ್ನಾಡುವ ಎಷ್ಟೋ ಕುಟುಂಬಗಳಲ್ಲಿ ಕನ್ನಡವನ್ನು ಓದಬಲ್ಲವರು ಇಲ್ಲವಾಗಿದ್ದಾರೆ. ಅಜ್ಜಿಯ ಮಾತು ಉಳಿದಿದೆ, ಅದರ ಲಿಪಿ ಹೋಗಿದೆ. ಇಂತಹ ಮನೆಯ ಮಗುವಿಗೆ ಕನ್ನಡ ಪುಸ್ತಕ ಸಿಗುವ ಸ್ಥಳ ಶಾಲೆಯ ಬೀರು ಒಂದೇ. ಆ ಬೀರು ಮುಚ್ಚಿದ್ದರೆ, ಕನ್ನಡದ ಗಂಟೆ ಮುಗಿಯುತ್ತಲೇ ಮಗುವಿನ ಕನ್ನಡವೂ ಮುಗಿಯುತ್ತದೆ. ಬೇರೆ ಕಡೆ ಗ್ರಂಥಾಲಯವು ಶಿಕ್ಷಣಕ್ಕೆ ಪೂರಕವಾದರೆ ನಮಗೆ ಅದು ಭಾಷೆಯ ಜೀವವೇ ಆಗಿದೆ.

ಆದ್ದರಿಂದ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಆಡಳಿತ ಮಂಡಳಿಯವರ ಮತ್ತು ಹಳೆಯ ವಿದ್ಯಾರ್ಥಿ ಬಂಧುಗಳ ಮುಂದೆ ಕೆಲವು ವಿನಂತಿಗಳನ್ನಿಡುತ್ತೇನೆ. ಪ್ರತಿ ತರಗತಿಗೂ ವಾರಕ್ಕೊಂದು ಗ್ರಂಥಾಲಯದ ಗಂಟೆಯನ್ನು ವೇಳಾಪಟ್ಟಿಯಲ್ಲಿಯೇ ಗೊತ್ತುಮಾಡಬೇಕು; ಆ ಗಂಟೆಯಲ್ಲಿ ಉಪಾಧ್ಯಾಯರೂ ಪುಸ್ತಕದ ಹೊಣೆ ಹೊತ್ತವರೂ ಇಬ್ಬರೂ ಮಕ್ಕಳೊಡನೆ ಇರಬೇಕು. ಬಿ.ಎಡ್. ವಿದ್ಯಾರ್ಥಿಗಳು ಅಭ್ಯಾಸಪಾಠಕ್ಕಾಗಿ ನಮ್ಮಲ್ಲಿಗೆ ಬಂದಾಗ ಅವರು ಕೆಲವು ದಿನಗಳನ್ನು ಗ್ರಂಥಾಲಯದಲ್ಲಿ ಕಳೆಯುವಂತೆ ಏರ್ಪಡಿಸಬೇಕು. ಗ್ರಂಥಾಲಯ ವಿಜ್ಞಾನ ಓದುವ ತರುಣರು ಬಂದರೆ ಅವರನ್ನು ತರಗತಿಯಲ್ಲಿ ಕೂರಿಸಿ ಪಾಠ ನಡೆಯುವ ಬಗೆಯನ್ನು ತೋರಿಸಬೇಕು. ಪುಸ್ತಕ ಹರಿಯುವುದು ಓದಿದ್ದರ ಗುರುತೆಂದು ತಿಳಿದು, ಅದರ ಹೊಣೆ ಹೊತ್ತವರನ್ನು ದಂಡದ ಭಯದಿಂದ ಬಿಡುಗಡೆ ಮಾಡಬೇಕು. ಪುಸ್ತಕದಾನ ಮಾಡಬಯಸುವ ಮಹನೀಯರು ಮನೆಯಲ್ಲಿ ಬೇಡವಾದದ್ದನ್ನು ಕಳುಹಿಸದೆ, ಉಪಾಧ್ಯಾಯರೂ ಗ್ರಂಥಪಾಲರೂ ಕೂಡಿ ಮಾಡಿದ ಪಟ್ಟಿಯನ್ನು ತರಿಸಿಕೊಂಡು ಅದರಂತೆ ಕೊಡಿಸಬೇಕು. ಹಾಗೆಯೇ ಗ್ರಂಥಾಲಯ ಕರವನ್ನು ತೆರುವವರಲ್ಲಿ ನಾವೂ ಇದ್ದೇವೆ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕನ್ನಡ ಪುಸ್ತಕಗಳನ್ನೂ ಇರಿಸಬೇಕೆಂದು ವಿನಯದಿಂದ ಕೇಳುವುದು ತಪ್ಪಲ್ಲ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಎಂದು ರಂಗನಾಥನ್ ಅವರು ಬಯಸಿದಾಗ ಭಾಷೆಯ ಎಲ್ಲೆಯನ್ನು ಹಾಕಲಿಲ್ಲ.

ತರಗತಿಯಿಂದ ಗ್ರಂಥಾಲಯಕ್ಕೆ ಒಲ್ಲದ ಮನಸ್ಸಿನಿಂದ ನಡೆದುಹೋದ ಗಣಿತದ ಅಧ್ಯಾಪಕರೊಬ್ಬರು ಎರಡರ ನಡುವಿನ ಬಾಗಿಲನ್ನು ಎಲ್ಲರಿಗಾಗಿ ತೆರೆದಿಟ್ಟುಹೋದರು. ಆ ಬಾಗಿಲು ನಮ್ಮ ಶಾಲೆಯಲ್ಲಿ ಸದಾ ತೆರೆದಿರಲಿ. ಐವತ್ತು ವರ್ಷಗಳಿಂದ ಕನ್ನಡದ ದೀಪವನ್ನು ಕಾಪಾಡಿಕೊಂಡು ಬಂದ ಎಲ್ಲ ಗುರುಹಿರಿಯರಿಗೆ ವಂದಿಸುತ್ತ, ಇಲ್ಲಿನ ಮಕ್ಕಳು ಕನ್ನಡ ಪುಸ್ತಕವನ್ನು ತಾವಾಗಿ ಕೈಗೆತ್ತಿಕೊಂಡು ಓದುವ ದಿನಗಳು ಹೆಚ್ಚಲಿ, ಶಾಲೆಯು ಶತಮಾನೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.